ಮೀನಿಗೆ ಮೆಟ್ಟಿಲು, ನನಗೆ ಬೆಂಚು

ನಾಲೆ, ತೂಬು, ಕೋಡಿಗಳ ನಡುವೆ ಆಯುಷ್ಯ ಸವೆಸಿ ನಿವೃತ್ತನಾದ ಗಂಡಸನ್ನು ನೀರಿರುವ ಜಾಗಕ್ಕೆ ಪ್ರವಾಸ ಕರೆದುಕೊಂಡು ಹೋಗಬಾರದು ಅನ್ನುವುದು ನನ್ನ ಹೆಂಡತಿಯ ಖಚಿತ ಅಭಿಪ್ರಾಯ. ಅದಕ್ಕೆ ಅವಳ ಬಳಿ ಆಧಾರವೂ ಇದೆ. ಜೋಗದ ಮುಂದೆ ನಿಂತ ನಮ್ಮ ಮದುವೆಯಾದ ಹೊಸತರ ಫೋಟೊದಲ್ಲಿ ಅವಳು ಜಲಪಾತ ನೋಡುತ್ತಿದ್ದಾಳೆ, ನಾನು ಗಡಿಯಾರ ನೋಡುತ್ತಿದ್ದೇನೆ. ರಾಜಾ ಧಾರೆ ಮೇಲಿಂದ ಕೆಳಕ್ಕೆ ಬೀಳಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಆ ಫೋಟೊ ನೋಡಿದವರೆಲ್ಲ, ‘ಪಾಪ, ಬಸ್ಸಿಗೆ ಹೊತ್ತಾಗಿತ್ತೇನೋ’ ಅನ್ನುತ್ತಾರೆ.

ಹೀಗಿದ್ದೂ ಅಮೆರಿಕದಲ್ಲಿ ನನ್ನನ್ನು ನೀರಿನ ಜಾಗಕ್ಕೇ ಕರೆದುಕೊಂಡು ಹೋದರು. ಮನೆ ಉಳಿಸಿಕೊಳ್ಳುವುದಕ್ಕೆ ಅವರಿಗೆ ಬೇರೆ ದಾರಿ ಇರಲಿಲ್ಲ. ಮಗ ಇರುವುದು ಸಿಯಾಟಲ್ ಪಕ್ಕದ ಇಸಕ್ವಾ ಎಂಬ ಊರಿನಲ್ಲಿ. ಸುತ್ತ ಗುಡ್ಡ, ಆಗಾಗ ಜಿನುಗುವ ಮಳೆ, ಪಾಚಿ ಹಿಡಿದ ಮರ. ನನ್ನಾಕೆ ತೀರ್ಥಹಳ್ಳಿ ಕಡೆಯವಳು. ಬಂದ ಮರುದಿನವೇ ಒಗ್ಗಿಹೋದಳು. ನಾನು ಮಾತ್ರ ಮಾಡಲು ಕೆಲಸವಿಲ್ಲದೆ ಮನೆಯನ್ನು ಇನ್‌ಸ್ಪೆಕ್ಷನ್ ಮಾಡತೊಡಗಿದೆ. ಅಡುಗೆಮನೆಯ ಸಿಂಕಿನೊಳಗೆ ಮುಸುರೆ ಅರೆಯುವ ಯಂತ್ರವೊಂದಿದೆ. ಅದರ ಸಾಮರ್ಥ್ಯ ಪರೀಕ್ಷಿಸಲು ನುಗ್ಗೆಕಾಯಿ ಜಗಿದ ಸಿಪ್ಪೆ ಹಾಕಿದೆ. ಯಂತ್ರ ಒಂದು ಸಲ ನರಳಿ ಸುಮ್ಮನಾಯಿತು. ಆಮೇಲೆ ಹಿತ್ತಲಿನ ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರಿನ ಟೈಮರ್ ಕಣ್ಣಿಗೆ ಬಿತ್ತು. ಸಾವಿರಾರು ಎಕರೆಗೆ ನೀರು ಹಂಚಿದ ಕೈ ಇದು, ಒಂದು ಅಂಗೈಯಗಲದ ಹುಲ್ಲಿಗೆ ಹಂಚಲಾರದೇ? ಪಕ್ಕದ ಮನೆಯವರ ಕಾರಿನ ಕಿಟಕಿ ತೆರೆದಿತ್ತು ಎಂಬುದು ನನ್ನ ವಿನ್ಯಾಸದಲ್ಲಿ ಸೇರಿರಲಿಲ್ಲ.

ಆ ರಾತ್ರಿ ಸೊಸೆ ಮಗನಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು. “ಮಾವಂಗೆ ಎಲ್ಲಾದ್ರೂ ದೊಡ್ಡ ನೀರು ತೋರಿಸ್ಕೊಂಡು ಬನ್ರೀ. ಚಿಕ್ಕ ನೀರನ್ನ ಅವರು ಬಿಡಲ್ಲ.”

ಹೀಗೆ ಶನಿವಾರ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೊರಟದ್ದು ಬ್ಯಾಲಾರ್ಡ್ ಲಾಕ್ಸ್‌ಗೆ. ದಾರಿಯಲ್ಲಿ ಲೇಕ್ ವಾಷಿಂಗ್ಟನ್ ಎಂಬ ದೊಡ್ಡ ಸರೋವರ ಅಡ್ಡ ಬರುತ್ತದೆ. ಕಾರು ಸೇತುವೆ ಹತ್ತಿದ್ದೇ ತಡ, ಕೆಳಗೆ ಕಂಬಗಳಿಲ್ಲದ್ದನ್ನು ನಾನು ಗಮನಿಸಿದೆ. ಮಗ ಹೇಳಿದ, “ಇದು ತೇಲುವ ಸೇತುವೆ ಅಪ್ಪ, ಕಾಂಕ್ರೀಟಿಂದು.”

“ಕಾಂಕ್ರೀಟು ತೇಲಲ್ಲ ಕಣೋ,” ಅಂದೆ. ಅಭ್ಯಾಸಬಲ.

“ಹಾಗಾದ್ರೆ ಈಗ ನಾವು ಎಲ್ಲಿದೀವಿ?” ಹಿಂದಿನ ಸೀಟಿನಿಂದ ನನ್ನಾಕೆ ಕೇಳಿದಳು.

ಸರೋವರ ಇನ್ನೂರು ಅಡಿಗೂ ಮಿಕ್ಕಿ ಆಳ, ತಳದಲ್ಲಿ ಮೆತ್ತನೆ ಕೆಸರು. ಕಂಬ ಇಳಿಸುವುದು ದುಬಾರಿಯ ಹುಚ್ಚು ಸಾಹಸ. ಅದಕ್ಕೇ ಒಳಗೆ ಟೊಳ್ಳಾದ ಕಾಂಕ್ರೀಟ್ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿ, ತಳಕ್ಕೆ ಲಂಗರು ಹಾಕಿ, ಮೇಲೆ ರಸ್ತೆ ಹಾಸಿದ್ದಾರೆ. ಇಲ್ಲಿ ಮೊದಲನೆಯದು ತೇಲಿದ್ದು 1940ರಲ್ಲಿ. ಇದನ್ನೆಲ್ಲ ಮಗ ಹೇಳಿದಾಗ ‘ನನಗೆ ಗೊತ್ತಿತ್ತು’ ಎಂಬ ಮುಖ ಮಾಡಿದೆ. ಆದರೆ ಅವನು ಅಷ್ಟಕ್ಕೇ ನಿಲ್ಲಿಸದೆ, ಪಕ್ಕದಲ್ಲಿ ಕಾಣುವ ಸೇತುವೆಯಿರುವ ಜಾಗದಲ್ಲೇ ಆ ಹಳೆಯ ಸೇತುವೆ 1990ರ ನವೆಂಬರ್ 25ರಂದು ಮುಳುಗಿಹೋಯಿತು ಅಂದ. ರಿಪೇರಿ ನಡೆಯುತ್ತಿತ್ತಂತೆ. ಕೆಲಸದ ಕೊಳೆನೀರನ್ನು ಸರೋವರಕ್ಕೆ ಬಿಡುವಂತಿಲ್ಲ ಎಂದು ತೇಲುವ ಪೆಟ್ಟಿಗೆಗಳ ಒಳಗೇ ತುಂಬಿಟ್ಟಿದ್ದರು. ಪೆಟ್ಟಿಗೆಗಳಿಗೆ ತೂತುಗಳನ್ನೂ ಕೊರೆದಿದ್ದರು. ರಜೆಯ ವಾರಾಂತ್ಯದಲ್ಲಿ ಬಿರುಗಾಳಿ ಮಳೆ ಬಂತು. ಸೇತುವೆ ಟಿ.ವಿ. ಕ್ಯಾಮೆರಾಗಳ ಮುಂದೆಯೇ ನಿಧಾನವಾಗಿ ಒಳಗಿಳಿಯಿತು. ಯಾರ ಪ್ರಾಣವೂ ಹೋಗಲಿಲ್ಲ.

ನನಗೆ ಒಳಗೊಳಗೇ ಸಂತೋಷವಾಯಿತು, ಅಮೆರಿಕದಲ್ಲೂ ನಮ್ಮವರಿದ್ದಾರೆ ಎಂದು. ನನ್ನಾಕೆ ಮಾತ್ರ, “ವಾಪಸ್ ಬರುವಾಗ ಬೇರೆ ದಾರಿ ಹಿಡಿ ಮಗಾ,” ಅಂದಳು.

ಬ್ಯಾಲಾರ್ಡ್ ಲಾಕ್ಸ್‌ಗೆ ಪ್ರವೇಶ ಉಚಿತ. ಇದು ಕೇಳಿ ನಾನು ಅನುಮಾನದಿಂದಲೇ ಒಳಗೆ ಕಾಲಿಟ್ಟೆ. ಹೂತೋಟ ದಾಟಿ ಇಳಿದರೆ ನೀರು, ಗೇಟು, ಗಂಟೆ, ದೋಣಿ. ನನ್ನ ಎದೆ ಉಬ್ಬಿತು. ಬೆಂಚಿನ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟು, ಕನ್ನಡಕ ಒರೆಸಿಕೊಂಡು, ಸಂಸಾರವನ್ನು ಸುತ್ತ ನಿಲ್ಲಿಸಿಕೊಂಡು ಭಾಷಣ ಆರಂಭಿಸಿದೆ.

ಸಂಗತಿ ಇಷ್ಟು. ಒಳಗಡೆಯ ಸಿಹಿನೀರಿನ ಸರೋವರದ ಮಟ್ಟ, ಸಮುದ್ರದ ತೀರಾ ಇಳಿತದ ಮಟ್ಟಕ್ಕಿಂತ 20ರಿಂದ 22 ಅಡಿ ಮೇಲೆ. ಆಚೆ ಉಪ್ಪುನೀರು, ಉಬ್ಬರವಿಳಿತಕ್ಕೆ ತಕ್ಕಂತೆ ಏರಿ ಇಳಿಯುತ್ತದೆ. ದೋಣಿ ಅಲ್ಲಿಂದ ಇಲ್ಲಿಗೆ ಬರಬೇಕಾದರೆ ಎರಡೂ ಕಡೆ ಗೇಟಿರುವ ಒಂದು ಕಾಂಕ್ರೀಟ್ ತೊಟ್ಟಿಯೊಳಗೆ, ಅಂದರೆ ಲಾಕ್‌ನೊಳಗೆ, ನುಗ್ಗಬೇಕು. ಹಿಂದಿನ ಗೇಟು ಮುಚ್ಚುತ್ತಾರೆ. ಸರೋವರದ ನೀರನ್ನು ನೆಲದಡಿಯ ಕಾಲುವೆಗಳಿಂದ ಒಳಬಿಡುತ್ತಾರೆ. ದೋಣಿ ಮೇಲೇಳುತ್ತದೆ. ಮಟ್ಟ ಸಮವಾದಾಗ ಮುಂದಿನ ಗೇಟು ತೆರೆಯುತ್ತಾರೆ. ಇಳಿಯುವುದಾದರೆ ಇದೇ ಉಲ್ಟಾ. ಪಂಪು ಇಲ್ಲ, ಎತ್ತುವ ಯಂತ್ರ ಇಲ್ಲ. ನೀರು ತಾನಾಗಿ ಇಳಿಜಾರಿಗೆ ಹರಿಯುತ್ತದೆ ಎಂಬ ಒಂದೇ ಒಂದು ಭರವಸೆಯ ಮೇಲೆ ಹಡಗನ್ನು ಎತ್ತುತ್ತಾರೆ. ದೊಡ್ಡ ತೊಟ್ಟಿ 825 ಅಡಿ ಉದ್ದ, 80 ಅಡಿ ಅಗಲ. ಚಿಕ್ಕದು 150 ಅಡಿ ಉದ್ದ. ಕೋಟ್ಯಧಿಪತಿಯ ವಿಹಾರನೌಕೆಯೂ ಪುಟ್ಟ ಕಯಾಕ್ ದೋಣಿಯೂ ಒಂದೇ ತೊಟ್ಟಿಯಲ್ಲಿ ಹಗ್ಗ ಹಿಡಿದು ನಿಲ್ಲುತ್ತವೆ. ಅವರಿಗೂ ಸುಂಕವಿಲ್ಲ.

ಇದನ್ನು ರೂಪಿಸುವಲ್ಲಿ ಮುಖ್ಯನಾಗಿದ್ದವನು ಹೈರಮ್ ಚಿಟೆಂಡನ್ ಎಂಬ ಸೇನೆಯ ಇಂಜಿನಿಯರ್. ಕೆಲಸ ಶುರುವಾದದ್ದು 1911ರಲ್ಲಿ. ಅಂದರೆ ನಮ್ಮ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದ ವರ್ಷವೇ. 1917ರ ಜುಲೈ 4ರಂದು ಉದ್ಘಾಟನೆ. ಅದೇ ಅಕ್ಟೋಬರಿನಲ್ಲಿ ಚಿಟೆಂಡನ್ ತೀರಿಕೊಂಡ. ಲಾಕ್‌ಗಳಿಗೆ ಅವನ ಹೆಸರಿಟ್ಟದ್ದು 1956ರಲ್ಲಿ. ಇಷ್ಟು ಹೇಳಿ ಗದ್ಗದಿತನಾಗಿ, “ನೋಡಿ, ಇಂಜಿನಿಯರ್ ಬದುಕೇ ಇಷ್ಟು, ಸತ್ತು ನಲವತ್ತು ವರ್ಷದ ಹತ್ತಿರ ಆದ್ಮೇಲೆ ಬೋರ್ಡು,” ಅಂದೆ.

“ನಿಮ್ಮ ಹೆಸರು ಎಲ್ಲಿಗಾದ್ರೂ ಇಡ್ತಾರಾ ಅಜ್ಜ?” ಮೊಮ್ಮಗ ಕೇಳಿದ.

“ಪಕ್ಕದ ಮನೆಯೋರ ಕಾರಿಗೆ ಇಡಬಹುದು,” ಅಂದಳು ಅವನ ಅಜ್ಜಿ.

ನಾನು ವಿಷಯ ಬದಲಿಸಿ ಉಪ್ಪಿನ ಸಮಸ್ಯೆಗೆ ಬಂದೆ. ಪ್ರತಿ ಸಲ ಗೇಟು ತೆರೆದಾಗಲೂ ಸಮುದ್ರದ ಉಪ್ಪುನೀರು ಒಂದಿಷ್ಟು ಸರೋವರದ ಕಡೆಗೆ ನುಸುಳುತ್ತದೆ. ಹಾಗೇ ಬಿಟ್ಟರೆ ಸಿಹಿನೀರು ಕೆಡುತ್ತದೆ. ಉಪ್ಪುನೀರು ಭಾರ, ಅದು ಯಾಕೆ ತಳ ಸೇರುತ್ತದೆ ಎಂದರೆ... ಸಾಂದ್ರತೆ ಎಂಬ ಶಬ್ದಕ್ಕೆ ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನನ್ನಾಕೆ ಮೊಮ್ಮಗನಿಗೆ ಹೇಳಿ ಮುಗಿಸಿದ್ದಳು. “ಸಾರಿಗೆ ಉಪ್ಪು ಹಾಕಿ ಸೌಟು ಆಡಿಸ್ದೇ ಇದ್ರೆ ಮೇಲಿಂದು ಸಪ್ಪೆ, ತಳದ್ದು ಬರೀ ಉಪ್ಪು. ನಿಮ್ಮಜ್ಜ ಒಂದಿನ ಅಡುಗೆ ಮಾಡಿದ್ರಲ್ಲ, ಹಾಗೆ.” ಅಲ್ಲೇ ನಿಂತಿದ್ದ ಕನ್ನಡದ ಇನ್ನೊಂದು ಸಂಸಾರ, ಸಿಯಾಟಲ್ ಸುತ್ತ ಎಲ್ಲಿ ನಿಂತರೂ ಅಂಥದ್ದೊಂದು ಇರುತ್ತದೆ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿತು.

ಆ ತಳದ ಉಪ್ಪುನೀರಿಗೆ ಅಡ್ಡಲಾಗಿ ದೊಡ್ಡ ತೊಟ್ಟಿಯ ಹಾಸಿನಲ್ಲಿ ಒಂದು ಟೊಳ್ಳು ತಡೆಗೋಡೆ ಇದೆ. ಗಾಳಿ ತುಂಬಿದರೆ ನೆಟ್ಟಗೆ ನಿಲ್ಲುತ್ತದೆ. ಆಳದ ತಳದ ಹಡಗು ಬಂದರೆ ನೀರು ತುಂಬಿಸಿಕೊಂಡು ಮಲಗಿ ದಾರಿ ಬಿಡುತ್ತದೆ. ಅದನ್ನೂ ದಾಟಿ ಬಂದ ಉಪ್ಪುನೀರು ಮೇಲ್ಗಡೆಯ ಒಂದು ಹಳ್ಳದಲ್ಲಿ ತಂಗುತ್ತದೆ, ಅಲ್ಲಿಂದ ಕೊಳವೆಯಲ್ಲಿ ಮತ್ತೆ ಸಮುದ್ರಕ್ಕೆ. ಆ ವಾಪಸ್ ಹೋಗುವ ನೀರಿನಲ್ಲೂ ಒಂದು ಪಾಲನ್ನು ಮೀನು ಕರೆಯಲು ಬಳಸುತ್ತಾರೆ. ಇಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಮೀನಿನ ಅಧ್ಯಾಯ ನಮ್ಮ ಸಿಲಬಸ್ಸಿನಲ್ಲಿರಲಿಲ್ಲ.

ತೊಟ್ಟಿಗಳನ್ನು ದಾಟಿ ಆಚೆ ದಡಕ್ಕೆ ಹೋದರೆ ಮೀನಿನ ಮೆಟ್ಟಿಲು. ಸಮುದ್ರದಲ್ಲಿ ಬೆಳೆದ ಸಾಲ್ಮನ್ ಮೀನು ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಗೇ ಮರಳುತ್ತದೆ. ಲಾಕ್ ಕಟ್ಟಿ ದಾರಿ ಮುಚ್ಚಿದ ಮೇಲೆ ಅದು ಹೇಗೆ ಹತ್ತಬೇಕು? ಅದಕ್ಕೇ ಪಕ್ಕದಲ್ಲಿ ನೀರು ತುಂಬಿದ ಮೆಟ್ಟಿಲುಗಳು. ಮೊದಲು ಕಟ್ಟಿದ್ದು 10 ಮೆಟ್ಟಿಲಿನದು; ಮೀನಿಗೆ ಹಿಡಿಸಲಿಲ್ಲ. 1976ರಲ್ಲಿ ಹೊಸದಾಗಿ 21 ಮೆಟ್ಟಿಲು ಕಟ್ಟಿ, ಕೆಳಬಾಯಲ್ಲಿ ರಭಸದ ನೀರು ಬಿಟ್ಟರು. ಹೊಳೆ ಇಲ್ಲಿದೆ ಬಾ ಎಂದು ಕರೆಯುವ ನೀರು ಅದು. ಮೀನು ಹತ್ತಿರ ಬಂದು, ಎದುರು ಸೆಳೆತಕ್ಕೆ ಈಜುತ್ತಾ, ಒಂದೊಂದೇ ಮೆಟ್ಟಿಲು ಏರಿ, ಸಿಹಿನೀರಿಗೆ ಮೈ ಹೊಂದಿಸಿಕೊಂಡು ಸರೋವರ ಸೇರುತ್ತದೆ. ಸಿಹಿನೀರಿಗೆ ಬಂದ ಮೇಲೆ ಊಟವನ್ನೂ ಬಿಡುತ್ತದೆ.

“ಉಪವಾಸ ಬೇರೆ! ಶಬರಿಮಲೆಗಿಂತ ಮೂರು ಮೆಟ್ಟಿಲು ಜಾಸ್ತಿ,” ಅಂದಳು ನನ್ನಾಕೆ, ಕೈ ಮುಗಿಯುವ ಹಾಗೆ ಮಾಡಿ.

ನೆಲದಡಿಯ ಕೋಣೆಗೆ ಇಳಿದೆವು. ಮಂದ ಬೆಳಕು, ಗಾಜಿನ ಕಿಟಕಿಗಳು, ಅದರಾಚೆ ಹಸಿರು ನೀರು. ಅದರಲ್ಲಿ ಚಿನೂಕ್ ಜಾತಿಯ ತೋಳುದ್ದದ ಸಾಲ್ಮನ್‌ಗಳು ಸೆಳೆತಕ್ಕೆ ಮುಖವೊಡ್ಡಿ, ಬಾಲ ಆಡಿಸುತ್ತಾ, ಇದ್ದಲ್ಲೇ ನಿಂತಿದ್ದವು. ಒಂದರ ಮೈಮೇಲೆ ಹಲ್ಲಿನ ಗಾಯ. ಇನ್ನೊಂದು ಗಾಜಿಗೆ ತಾಗುವಷ್ಟು ಹತ್ತಿರ ಬಂದು ನನ್ನನ್ನು ದಿಟ್ಟಿಸಿತು. ಕೋಣೆ ತುಂಬ ಜನ, ಆದರೂ ಪಿಸುಮಾತಿಗಿಂತ ಜೋರಿಲ್ಲ. ನನ್ನ ಬಾಯೂ ಕಟ್ಟಿತ್ತು, ಇದನ್ನು ಸಂಸಾರ ಇವತ್ತಿಗೂ ಪವಾಡವೆಂದೇ ಹೇಳುತ್ತದೆ.

ಆ ಮೌನ ಒಡೆದದ್ದು ನನ್ನಾಕೆ. “ರೀ! ಇದು ನಮ್ಮ ಹತ್ಮೀನು ಅಲ್ವೇನ್ರೀ!”

ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯ ಮೀನು ಮೊಟ್ಟೆಯಿಡಲು ಹಳ್ಳ ಹಿಡಿದು, ಗದ್ದೆ ಹಿಡಿದು ಮೇಲೆ ಹತ್ತುತ್ತದೆ. ಊರ ಗಂಡಸರು ಕಂಬಳಿ ಕೊಪ್ಪೆ ಹೊದ್ದು, ಟಾರ್ಚು ಕತ್ತಿ ಹಿಡಿದು, ಮೀನು ಹಿಡಿಯುವ ಕೂಣಿ ಇಟ್ಟು ರಾತ್ರಿಯಿಡೀ ಕಾಯುತ್ತಾರೆ. ಮೊಟ್ಟೆ ತುಂಬಿದ ಮೀನನ್ನು ಹೀಗೆ ಬಳಿದರೆ ಮುಂದಿನ ವರ್ಷಕ್ಕೇನು ಎಂದು ಕೇಳುವವರಿಗೆ ಬೆಳಗಿನ ಸಾರಿನ ಪರಿಮಳವೇ ಉತ್ತರ. ನನ್ನಾಕೆಯ ತವರಿನಲ್ಲಿ ಈ ಶಿಕಾರಿಯ ಕಥೆಗಳಿಗೆ ಕೊನೆಯಿಲ್ಲ. ಅವಳೀಗ ಗಾಜಿಗೆ ಮೂಗು ತಾಗಿಸಿ ನಿಂತಿದ್ದಳು. “ಅಯ್ಯೋ, ಟಾರ್ಚೂ ಬೇಡ, ಲೈಟು ಅವರೇ ಹಾಕಿದಾರೆ! ಇದೊಂದು ಏಳೆಂಟು ಕೆ.ಜಿ. ತೂಗತ್ತೆ ನೋಡಿ. ಹುಳಿಗೆ ವಾಟೆ ಹಾಕಿದ್ರೆ...”

“ಅಜ್ಜೀ, ಇಲ್ಲಿ ಹಿಡಿಯೋ ಹಾಗಿಲ್ಲ, ಇಲ್ಲೀಗಲ್,” ಮೊಮ್ಮಗ ಗಾಬರಿಯಾಗಿ ಅವಳ ಸೆರಗು ಹಿಡಿದ.

“ಹಿಡಿಯಲ್ಲ ಮಗಾ, ನೋಡ್ತೀನಿ ಅಷ್ಟೇ.” ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಅಲ್ರೀ, ನೀವು ಅಷ್ಟು ವರ್ಷ ಹಳ್ಳಗಳಿಗೆಲ್ಲ ಕಟ್ಟೆ ಕಟ್ಟಿದ್ರಲ್ಲ. ಮೀನು ಹತ್ತೋಕೆ ಏನ್ ಮಾಡಿದ್ರಿ?”

“ಅದು ಎಸ್ಟಿಮೇಟಿನಲ್ಲಿ ಇರಲಿಲ್ಲ ಕಣೇ.”

“ಮೀನು ಇತ್ತಲ್ಲ?”

ನಾನು ಕಿಟಕಿ ಕಡೆ ತಿರುಗಿದೆ. ಚಿನೂಕ್ ಇನ್ನೂ ನನ್ನನ್ನೇ ನೋಡುತ್ತಿತ್ತು.

ಮೇಲೆ ಬಂದು ಗೋಡೆಗೊರಗಿ ಸಮುದ್ರದ ಕಡೆ ನೋಡಿದರೆ, ಮೆಟ್ಟಿಲಿನ ಕೆಳಬಾಯ ಹತ್ತಿರ ಒಂದು ಸೀಲ್ ತಲೆ ಎತ್ತಿ ಕಾಯುತ್ತಿತ್ತು. ಒಳಗಿನ ಮೀನಿನ ಮೈಮೇಲಿದ್ದ ಗಾಯದ ಅರ್ಥ ಆಗ ತಿಳಿಯಿತು. ಇಂಜಿನಿಯರುಗಳು ಮೀನು ಕರೆಯಲು ನೀರು ಬಿಟ್ಟರೆ, ಆ ಕರೆ ಮೀನು ತಿನ್ನುವವರಿಗೂ ಕೇಳಿಸುತ್ತದೆ. 1980ರ ದಶಕದಲ್ಲಿ ಇಲ್ಲಿಗೆ ಕ್ಯಾಲಿಫೋರ್ನಿಯಾದ ಕಡಲಸಿಂಹಗಳು ಬಂದು ಬಿಡಾರ ಹೂಡಿ, ಸ್ಟೀಲ್‌ಹೆಡ್ ಎಂಬ ಮೀನನ್ನು ಬಾಗಿಲಲ್ಲೇ ಹಿಡಿದು ತಿನ್ನತೊಡಗಿದವು. ಜನ ಅವುಗಳಿಗೆಲ್ಲ ಸೇರಿ ಹರ್ಷೆಲ್ ಎಂದು ಒಂದೇ ಹೆಸರಿಟ್ಟರು. ಅಧಿಕಾರಿಗಳು ನೀರೊಳಗೆ ಪಟಾಕಿ ಹೊಡೆದರು. ಕರ್ಕಶ ಸದ್ದು ಬಿಟ್ಟರು. ವಾಂತಿ ಬರಿಸುವ ಔಷಧಿ ತುಂಬಿದ ಮೀನು ತಿನ್ನಿಸಿ ನೋಡಿದರು. ಕೆಲವನ್ನು ಹಿಡಿದು ಲಾರಿಯಲ್ಲಿ ದೂರದ ಕ್ಯಾಲಿಫೋರ್ನಿಯಾಕ್ಕೆ ಬಿಟ್ಟು ಬಂದರು. ಕೆಲವೇ ವಾರಗಳಲ್ಲಿ ಅವು ಈಜಿಕೊಂಡು ವಾಪಸ್ ಹಾಜರು.

“ನಮ್ಮೂರಲ್ಲಿ ಮಂಗ ಹಿಡಿದು ಕಾಡಿಗೆ ಬಿಟ್ಟ ಹಾಗೇ ಆಯ್ತು,” ಅಂದಳು ನನ್ನಾಕೆ. ಮಗ, ತಡಿಯಮ್ಮ ಇನ್ನೂ ಇದೆ ಎಂದು ಮುಂದುವರಿಸಿದ. 1996ರಲ್ಲಿ ಫೈಬರ್‌ಗ್ಲಾಸಿನ ಸುಳ್ಳು ಓರ್ಕಾ ತಿಮಿಂಗಿಲವೊಂದನ್ನು ತಂದು ನೀರಿಗೆ ಬಿಟ್ಟರು, ಕಡಲಸಿಂಹಗಳು ಹೆದರಲಿ ಎಂದು. ಅವು ಹೆದರಲಿಲ್ಲ.

ನನ್ನಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ನಗುವಿಗೆ ಕಾರಣವಿತ್ತು. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಮಂಗಗಳ ಕಾಟ ತಾಳಲಾರದೆ ಮನೆಯ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟಕ್ಕೆ ಬಿಟ್ಟದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. “ನೋಡಿ, ನಮ್ಮೋರ ತಲೆ ಅಮೆರಿಕದೋರ ತಲೆಗಿಂತ ಕಮ್ಮಿ ಇಲ್ಲ. ನಮ್ಮ ನಾಯಿ ಬೊಗಳೋಕಾದ್ರೂ ಬೊಗಳತ್ತೆ.” ನನ್ನ ಎಷ್ಟೋ ವರ್ಷದ ತಾಂತ್ರಿಕ ಅನುಭವ ಇದಕ್ಕೆ ಎದುರಾಡಲಿಲ್ಲ.

ಹರ್ಷೆಲ್ ಕಥೆಯ ಕೊನೆ ಮಾತ್ರ ನಗುವಂಥದ್ದಲ್ಲ. 1996ರಲ್ಲೇ ಮೂರು ಪುಂಡ ಕಡಲಸಿಂಹಗಳನ್ನು ಹಿಡಿದು ಫ್ಲಾರಿಡಾದ ಪ್ರಾಣಿ ಪ್ರದರ್ಶನಾಲಯಕ್ಕೆ ಕಳಿಸಿದರು. ಅಷ್ಟರಲ್ಲಿ ಹಿಂದೆ ಸಾವಿರಗಟ್ಟಲೆ ಬರುತ್ತಿದ್ದ ಸ್ಟೀಲ್‌ಹೆಡ್ ನೂರಕ್ಕಿಂತ ಕೆಳಗಿಳಿದಿತ್ತು, ಮತ್ತೆ ಚೇತರಿಸಿಕೊಳ್ಳಲಿಲ್ಲ. ಮೆಟ್ಟಿಲು ಕಟ್ಟುವುದು ಸುಲಭ, ಮೆಟ್ಟಿಲ ಬಾಯಿ ಕಾಯುವುದು ಕಷ್ಟ. ಮರಿಗಳು ಸಮುದ್ರಕ್ಕೆ ಇಳಿಯುವುದಕ್ಕೂ ಇಲ್ಲಿ ಏರ್ಪಾಡಿದೆ. ನೆಲದಡಿಯ ಕಾಲುವೆಗಳ ಗೋಡೆಗೆ ಚೂಪು ಚಿಪ್ಪಿನ ಬಾರ್ನಕಲ್‌ಗಳು ಅಂಟಿಕೊಂಡು ಮರಿಗಳ ಮೈ ತರಚುತ್ತಿದ್ದವು. ಅದಕ್ಕೇ ಅವನ್ನು ಕೆರೆದು ತೆಗೆಯುತ್ತಾರೆ, ವಸಂತದಲ್ಲಿ ಕೋಡಿಯ ಮೇಲೆ ಮರಿಗಳಿಗೆಂದೇ ಜಾರುಬಂಡೆ ಇಡುತ್ತಾರೆ. ಮೊಮ್ಮಗನಿಗೆ ಇಡೀ ಜಾಗದಲ್ಲಿ ಮನಸ್ಸಿಗೆ ಬಂದದ್ದು ಅದೊಂದೇ.

ಇಷ್ಟಾದ ಮೇಲೆ ಮರ್ಯಾದೆಯಿಂದ ಚಿತ್ರಾನ್ನ ತಿಂದು ಸುಮ್ಮನಿರಬಹುದಿತ್ತು. ಆದರೆ ಊರು ಬಿಟ್ಟು ಬಂದಾಗಿನಿಂದ ಮಗನಿಗೆ ಹೇಳಬೇಕೆಂದು ಕಟ್ಟಿಟ್ಟುಕೊಂಡಿದ್ದ ಮಾತೊಂದು ನನ್ನೊಳಗೆ ಕೂತಿತ್ತು, ಮೀನು ಅದಕ್ಕೆ ಒಳ್ಳೆಯ ಪೀಠಿಕೆಯಾಗಿ ಒದಗಿತ್ತು. ತುತ್ತು ಇಳಿಸಿ ಗಂಟಲು ಸರಿಮಾಡಿಕೊಂಡೆ. “ನೋಡು ಮಗಾ. ಆ ಮೀನು ವರ್ಷಗಟ್ಟಲೆ ಸಮುದ್ರದಲ್ಲಿರತ್ತೆ. ಚೆನ್ನಾಗಿ ತಿಂದು ಕೊಬ್ಬಿರತ್ತೆ. ಅಲ್ಲಿ ಅದಕ್ಕೆ ಯಾವ ಕೊರತೆಯೂ ಇಲ್ಲ. ಆದ್ರೂ ಹುಟ್ಟಿದ ಹೊಳೆ ನೀರಿನ ವಾಸನೆ ಹಿಡಿದು, ದಾರಿಯ ಕಷ್ಟ ಎಲ್ಲ ದಾಟಿ, ಅಲ್ಲಿಗೇ ವಾಪಸ್ ಬರತ್ತೆ. ಯಾಕೆ ಹೇಳು?”

ಸೊಸೆ ಡಬ್ಬಿಯ ಮುಚ್ಚಳದ ಕಡೆ ನೋಡತೊಡಗಿದಳು. ಮಗ ಶಾಂತವಾಗಿ ಕೇಳಿದ, “ಬಂದು ಏನ್ ಮಾಡತ್ತೆ ಅಪ್ಪ?”

“ಮೊಟ್ಟೆ ಇಡತ್ತೆ. ವಂಶ ಬೆಳೆಸತ್ತೆ.”

“ಆಮೇಲೆ?”

ಆಮೇಲಿನದು ಕೆಳಗಿನ ಕೋಣೆಯ ಬೋರ್ಡಿನಲ್ಲಿ ಬರೆದಿತ್ತು. ನಾನು ನೆನಪಿಲ್ಲದವನ ಹಾಗೆ ಸಮುದ್ರ ನೋಡಿದೆ. ಮೊಮ್ಮಗ ಮಾತ್ರ ಕ್ಲಾಸಿನಲ್ಲಿ ಉತ್ತರ ಹೇಳುವವನಂತೆ ಕೈ ಎತ್ತಿ, ಅತ್ಯಂತ ಉತ್ಸಾಹದಿಂದ ಸಾರಿದ. “ಸತ್ತೋಗತ್ತೆ ಅಜ್ಜ! ಎಲ್ಲಾನೂ ಸತ್ತೋಗತ್ತೆ! ಮತ್ತೆ ಇದ್ರಲ್ಲಿ ತುಂಬ ಮೀನು ನಮ್ಮ ಇಸಕ್ವಾಗೇ ಹೋಗತ್ತೆ. ನಾನೂ ಇಲ್ಲೇ ಹುಟ್ಟಿದ್ದು, ಸೋ ನಾನೂ ವಾಪಸ್ ಇಲ್ಲಿಗೇ ಬರೋದು.”

ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ಲಾಕ್ ಹತ್ತಿದ ಮೀನು ಲೇಕ್ ಯೂನಿಯನ್ ದಾಟಿ, ಲೇಕ್ ವಾಷಿಂಗ್ಟನ್ ದಾಟಿ, ಸಮಾಮಿಶ್ ನದಿ ಹಿಡಿದು, ಅದೇ ಹೆಸರಿನ ಸರೋವರ ಹಾದು ಇಸಕ್ವಾ ಹಳ್ಳಕ್ಕೆ ಬರುತ್ತದೆ. ಅಲ್ಲಿ ಸರ್ಕಾರದ ಮೀನುಮರಿ ಕೇಂದ್ರವಿದೆ, ಅಲ್ಲೇ ಹುಟ್ಟಿದ ಮೀನು ಅಲ್ಲಿಗೇ ಮರಳುತ್ತದೆ. ಅಕ್ಟೋಬರ್ ಮೊದಲ ವಾರಾಂತ್ಯದಲ್ಲಿ ಊರು ಅವಕ್ಕೆ ಜಾತ್ರೆಯನ್ನೂ ಮಾಡುತ್ತದೆ. ನಾನು ಮಗನನ್ನು ಊರಿಗೆ ಕರೆಯಲು ಹಿಡಿದ ಸಾಕ್ಷಿ, ನನ್ನ ಸಾಕ್ಷಿಯೇ, ಮಗನ ಮನೆ ಹಿಂದಿನ ಹಳ್ಳದ ನಿವಾಸಿ.

“ಬಿಡ್ರೀ,” ಸಮಾಧಾನ ಮಾಡುವ ದನಿಯಲ್ಲಿ ನನ್ನಾಕೆ ಅಂದಳು. “ರಿಟೈರಾಗಿ ಊರಲ್ಲಿ ಮನೆ ಕಟ್ಟಿದ ನಿಮ್ಮ ಫ್ರೆಂಡ್ಸ್ ಎಲ್ಲ ಏನಾದ್ರು? ಗೃಹಪ್ರವೇಶ ಆದ ವರ್ಷಕ್ಕೇ...”

ಮಗ ಅಮ್ಮನ ಮಾತಿಗೆ ಬೆಲೆ ಕೊಟ್ಟು ವಾಪಸ್ಸು ಬೇರೆ ದಾರಿ ಹಿಡಿದ. ಉತ್ತರದಲ್ಲಿ 520 ಎಂಬ ಹೆದ್ದಾರಿಯ ಸೇತುವೆ. ಅರ್ಧಕ್ಕೆ ಬಂದ ಮೇಲೆ ನನ್ನಾಕೆ ಕಿಟಕಿಯಿಂದ ಇಣುಕಿ, “ಇದಕ್ಕೂ ಕಂಬ ಇಲ್ವಲ್ಲ?” ಅಂದಳು. ಅದೂ ತೇಲುವುದೇ. 2016ರಲ್ಲಿ ತೆರೆದದ್ದು, ಸುಮಾರು 2,350 ಮೀಟರ್, ಜಗತ್ತಿನ ತೇಲುವ ಸೇತುವೆಗಳಲ್ಲೆಲ್ಲ ಅತಿ ಉದ್ದದ್ದು, 77 ಕಾಂಕ್ರೀಟ್ ಪೆಟ್ಟಿಗೆಗಳ ಮೇಲೆ ಕೂತದ್ದು. ಮೇಲಾಗಿ ಇದಕ್ಕೆ ಸುಂಕವೂ ಇದೆ. ದಡ ಮುಟ್ಟುವವರೆಗೆ ಅವಳು ಉಸಿರು ಬಿಡಲಿಲ್ಲ, ನಾನು ಬಾಯಿ ಬಿಡಲಿಲ್ಲ.

ಸಿಯಾಟಲ್ ಕಡೆ ಮಕ್ಕಳಿರುವ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಬ್ಯಾಲಾರ್ಡ್ ಲಾಕ್ಸ್ ತಪ್ಪಿಸಬೇಡಿ. ಜುಲೈನಲ್ಲಿ ಹೋದರೆ ಸಾಕೈ ಸಾಲ್ಮನ್, ಆಗಸ್ಟ್ ಕೊನೆಗೆ ಚಿನೂಕ್, ಸೆಪ್ಟೆಂಬರಿನಲ್ಲಿ ಕೋಹೊ ಸಿಗುತ್ತವೆ. ಬೆಚ್ಚಗಿನ ಸ್ವೆಟರು, ಒಂದು ಡಬ್ಬಿ ಚಿತ್ರಾನ್ನ ಒಯ್ಯಿರಿ. ಮಕ್ಕಳಿಗೆ ಮೀನಿನ ಉದಾಹರಣೆ ಕೊಡಲು ಹೋಗಬೇಡಿ. ಜೊತೆಯಲ್ಲಿ ನಿವೃತ್ತ ಇಂಜಿನಿಯರ್ ಇದ್ದರೆ ಮೇಲಿನ ಹೂತೋಟದಲ್ಲಿ ಒಳ್ಳೆಯ ಬೆಂಚುಗಳಿವೆ, ಅಲ್ಲಿ ಕೂರಿಸಿ ನೀವು ಮೀನು ನೋಡಿಕೊಂಡು ಬನ್ನಿ.